ಓಡುವ ಎಂಜಿನ್ನಿನ ನಾಡಿ

ಡಾಕ್ಟರ್ ಅಂಕಲ್‌ಗೆ ಮೊರದಗಲ ಕಿವಿ. ಎಷ್ಟೇ ಚಳಿಯಿರಲಿ, ಯಾರದಾದರೂ ಕಾರಿನ ಬಾನೆಟ್ ಎತ್ತಿದರೆ ಮೊದಲು ಮಂಕಿಕ್ಯಾಪ್ ಕಿತ್ತು ಜೇಬಿಗೆ ತುರುಕುತ್ತಿದ್ದರು. ಕಿವಿ ಕೆಂಪಗಾಗಿ ಮೂಗಿನಿಂದ ನೀರಿಳಿದರೂ ಸರಿಯೇ, ಸದ್ದು ಕೇಳಿದ ಮೇಲೆಯೇ ಮಾತು. ಧಾರವಾಡದ ಕಡೆಯವರು, ಡೆಟ್ರಾಯಿಟಿನ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು. ಊರಂಚಿನ ಲಿವೋನಿಯಾದಲ್ಲಿ ನಮ್ಮ ಪಕ್ಕದ ಮನೆ. ವಾರವೆಲ್ಲ ಮನುಷ್ಯರು, ಭಾನುವಾರ ಕನ್ನಡದವರ ಹಳೇ ಕಾರುಗಳು.

ಎಪ್ಪತ್ತರ ದಶಕದ ಆ ಚಳಿಗಾಲದಲ್ಲಿ ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಸೌತ್‌ಫೀಲ್ಡಿನ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತ್ತು. ಲೈಸೆನ್ಸ್ ಇಲ್ಲದಿದ್ದರೆ ಅದೂ ಕೈತಪ್ಪುವುದರಲ್ಲಿತ್ತು. ನಮ್ಮದು ಆಟೋಮ್ಯಾಟಿಕ್ ಕಾರು. ಗೇರನ್ನು ಡ್ರೈವಿಗೆ ಹಾಕಿದರೆ ಪುಣ್ಯಾತ್ಮ ಸುಮ್ಮನೆ ನಿಂತಿರುತ್ತಿತ್ತು. ಗಾಬರಿಯಲ್ಲಿ ನಾನು ಆಕ್ಸಿಲರೇಟರ್ ಒತ್ತುವುದಕ್ಕೂ ಗೇರು ಹಿಡಿಯುವುದಕ್ಕೂ ಸರಿಹೋಗಿ ಛಂಗನೆ ನೆಗೆಯುತ್ತಿತ್ತು. ಪರೀಕ್ಷಕ ಬೆಚ್ಚಿಬಿದ್ದು ನನ್ನನ್ನು ಇಳಿಸುತ್ತಿದ್ದ.

"ಕಾರಲ್ಲಿ ಏನೂ ಇಲ್ಲ ಕಣೇ, ನಿನಗೇ ಪೇಷನ್ಸ್ ಇಲ್ಲ," ಎಂದು ನಮ್ಮವರ ತೀರ್ಪು. ಮೈಸೂರಿನ ಇಂಜಿನಿಯರು, ಕೇಳಬೇಕೆ! ನನಗೆ ಅಳುವೇ ಬರುತ್ತಿತ್ತು.

ಕೊನೆಗೆ ಅಂಕಲ್ ಮುಂದೆ ಹೇಳಿಕೊಂಡೆ. ನಮ್ಮವರು ನಡುವೆ ಬಾಯಿಹಾಕಿದರೆ, "ನೀವು ಸುಮ್ಮನಿರ್ರಿ. ಪೇಶಂಟ್ ಹೇಳ್ಲಿ, ಕೂಡ ಬಂದವ್ರು ಬ್ಯಾಡ," ಎಂದು ಗದರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಬೆಳಿಗ್ಗೆ ಅಷ್ಟೇನು, ಯಾವಾಗ್ಲೂನ? ರಿವರ್ಸಿಗೂ ಹಿಂಗ ತಡಾ ಮಾಡ್ತದೇನು?" ಎಂದೆಲ್ಲ ವಿಚಾರಿಸಿ, ಕಾರಿನಲ್ಲಿ ನನ್ನ ಪಕ್ಕ ಕೂತರು.

"ಡ್ರೈವಿಗೆ ಹಾಕವಾ. ಕಾಲು ಬ್ರೇಕಿನ ಮ್ಯಾಲೇ ಇರ್ಲಿ."

ಹಾಕಿದೆ. ಅಂಕಲ್ ಕಣ್ಣು ಮುಚ್ಚಿದರು. ಏನೂ ಆಗಲಿಲ್ಲ. ನಿಧಾನವಾಗಿ ಉಸಿರೆಳೆದು ಬಿಟ್ಟರು. ಆಗ ಕೆಳಗೆ ಧಡ್ ಎಂದಿತು.

"ತಪ್ಪು ನಿಂದಲ್ಲವಾ. ಗೇರೇ ತಡಾ ಮಾಡಿ ಹಿಡೀಲಿಕ್ಕತ್ತದ."

ಅಬ್ಬಾ, ಎಷ್ಟು ಹಾಯೆನಿಸಿತು! ನಮ್ಮವರು ಬಿಡಬೇಕಲ್ಲ. "ನಿನ್ನೇನೇ ಗೇರ್ ಆಯಿಲ್ ಚೆಕ್ ಮಾಡಿದೀನಿ ಅಂಕಲ್. ಫುಲ್ ಇದೆ."

"ಎಂಜಿನ್ ಬಂದ್ ಮಾಡಿ ನೋಡಿದ್ರೇನು?"

"ಹೌದು. ಊರಲ್ಲಿ ಹಾಗೇ ನೋಡ್ತಿದ್ವಲ್ಲ?"

"ಅದು ಎಂಜಿನ್ ಆಯಿಲ್ಲಿಗಪಾ! ಸತ್ತ ಮ್ಯಾಲೆ ನಾಡಿ ಹಿಡದ್ರ ಏನ್ ತಿಳೀತದ?"

ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಅಳತೆಯ ಕಡ್ಡಿ ಎಳೆದು ತೋರಿಸಿದರು. ತುದಿಯಷ್ಟೇ ಒದ್ದೆ. ಕಾರು ಹಿಂದೆ ಸರಿಸಿದರೆ, ಹಿಮದ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಎಣ್ಣೆ. ಸೋರುತ್ತಿದ್ದ ಗ್ಯಾಸ್ಕೆಟ್ ಬದಲಾಯಿಸಿ ಎಣ್ಣೆ ತುಂಬಿದ ಮೇಲೆ ಗೇರು ಹಾಕಿದ ಕೂಡಲೇ ಹಿಡಿಯಿತು. ಮುಂದಿನ ಟೆಸ್ಟಿನಲ್ಲಿ ಪಾಸಾದೆ, ಕೆಲಸಕ್ಕೂ ಸೇರಿದೆ. ನಮ್ಮವರೇ ಎಲ್ಲರಿಗೂ ಮೈಸೂರ್‌ಪಾಕ್ ಹಂಚಿದರು, ಪಾಪ.

ಕೆಲವು ವರ್ಷಗಳಲ್ಲಿ ಅಂಕಲ್ ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಆಂಟಿ ತಮ್ಮ ಗಂಡನ ಕಾರಿನ ಕೀ ತಂದು ನನ್ನ ಕೈಗಿಟ್ಟರು. "ಊರ ಮಂದಿ ಕಾರೆಲ್ಲಾ ನೋಡಿದ್ರು. ನನಗ ಒಂದಿನಾ ಸ್ಟಿಯರಿಂಗ್ ಮುಟ್ಟಗೊಡ್ಲಿಲ್ಲ ನೋಡು. ನೀ ಕಲಸ್ತೀಯೇನವಾ?"

ಅಳುತ್ತಲೇ ಇಬ್ಬರೂ ನಕ್ಕೆವು. ಕಲಿಸಿದೆ. ಲೈಸೆನ್ಸ್ ಬಂದ ವಾರವೇ ಆಂಟಿ ಶಿಕಾಗೋದ ಮಗಳ ಮನೆಗೆ ಒಬ್ಬರೇ ಹೊರಟು ನಿಂತರು. ಬೇಡವೆಂದರೂ ಕೇಳಲಿಲ್ಲ. ಸಂಜೆಯವರೆಗೂ ನಾನು ಫೋನಿನ ಪಕ್ಕದಿಂದ ಏಳಲಿಲ್ಲ.

"ಶಿಕಾಗೋ ಮುಟ್ಟಿದೆ ನೋಡವಾ," ಎಂದು ಕೊನೆಗೆ ಆಂಟಿಯ ಫೋನ್ ಬಂತು. ಫೋನಿಟ್ಟು, ಅಂಕಲ್‌ರನ್ನು ನೆನೆದು ಸಂತೋಷಕ್ಕೇ ಅತ್ತೆ.