ಮಹಡಿ ಮಾಮಿಯ ಸಂಥೆ

ಮೊನ್ನೆ ಎದುರುಮನೆಯ ಗೊಂಬೆ ಆರತಿಯಿಂದ ತಂದ ಸುಂಡಲ್ ಪೊಟ್ಟಣ ಬಿಚ್ಚಿದರೆ ಇಂಗಿನ ವಾಸನೆ ಮೂಗಿಗೆ ಅಡರಿತು. ತಿನ್ನಲಾಗಲಿಲ್ಲ. ಕಡಲೆಕಾಳಿನ ಮೇಲೆ ನನಗೇನೂ ಸಿಟ್ಟಿಲ್ಲ. ಆ ವಾಸನೆಯ ಹಿಂದೆಯೇ ನಮ್ಮ ಮಹಡಿ ಮಾಮಿ ಬಂದು ನಿಲ್ಲುತ್ತಾರೆ...

ತ್ರಿಪ್ಲಿಕೇನಿನ ನಮ್ಮ ವಠಾರದ ಮಹಡಿಯಲ್ಲಿ ಅವರೊಬ್ಬರೇ ಇದ್ದರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಕನ್ನಡದ ಮನೆಗಳ ಮಕ್ಕಳಾದರೂ ನಮಗೆ ಕನ್ನಡ ಓದಲು ಬಾರದು, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೂ ತಮಿಳಿನಲ್ಲೇ ಉತ್ತರ. ಮಾಮಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮನ್ನು ಮಹಡಿಗೆ ಕರೆದು ಕೂರಿಸಿ, ವೇದ ಕಲಿಸುವವರ ಹಾಗೆ ಸಂಥೆ ಹೇಳಿಸಿದರು: ಒಂದೊಂದು ಸಾಲನ್ನೂ ಅವರು ಒಂದು ಸಲ, ನಾವು ಎರಡು ಸಲ. "ಅರ್ಥ ಆಮೇಲೆ ತಾನಾಗಿ ಬರತ್ತೆ ಕಣೇ, ಮೊದಲು ಕಿವಿಗೆ ಬೀಳ್ಲಿ" ಎನ್ನುತ್ತಿದ್ದರು.

ಶನಿವಾರ ಸಂಜೆ ಚಾಪೆಯ ಮೇಲೆ ಕೂತು ನಾವು ಒಪ್ಪಿಸುತ್ತಿದ್ದದ್ದು ಮಂತ್ರವಲ್ಲ. ಆಫ್ರಿಕಾದ ಬಾವಿಕಟ್ಟೆಯ ಹೆಂಗಸರು, ಜಪಾನಿನ ಒಬ್ಬ ಕೊಡೆ ರಿಪೇರಿಯವನು, ಹಿಮ ಬೀಳುವ ಯಾವುದೋ ದೇಶದಲ್ಲಿ ಯುದ್ಧಕ್ಕೆ ಹೋದ ಮಗನಿಗಾಗಿ ಕಾಯುವ ತಾಯಿ... ಎಲ್ಲ ಮಾಮಿಯೇ ಕನ್ನಡಕ್ಕೆ ತಂದ ಪದ್ಯಗಳು. ಕೆಳಗಿನ ಅಮ್ಮಂದಿರಿಗೆ ಕೇಳಿಸುತ್ತಿದ್ದದ್ದು ಮಕ್ಕಳು ಒಟ್ಟಿಗೆ ಒಪ್ಪಿಸುವ ದನಿ ಮಾತ್ರ. ಸ್ತೋತ್ರವೇ ಇರಬೇಕೆಂದು ನಂಬಿ ಹಿಗ್ಗಿದರು. ಒಬ್ಬರಾದರೂ ಮೆಟ್ಟಿಲು ಹತ್ತಿ ಬಂದು ಕೇಳಿದ್ದರೆ!

ಆ ನವರಾತ್ರಿ ಎದುರುಮನೆಯ ಅಜ್ಜಿ ನನ್ನನ್ನು ಗೊಂಬೆಗಳ ಮುಂದೆ ನಿಲ್ಲಿಸಿ, ಮಾಮಿ ಕಲಿಸಿದ್ದು ಹೇಳು ಎಂದರು. ನನಗೆ ಬಾಯಿಗೆ ಬಂದದ್ದು ಆ ತಾಯಿಯ ಪದ್ಯ. "ಬಟ್ಟಲು ತೊಳೆದಿಟ್ಟಿದ್ದೇನೆ, ಮಗನೇ" ಎಂದು ಶುರುವಾಗಿ, ಮಗ ಬಾರದೆಯೇ ಮುಗಿಯುತ್ತದೆ.

"ಬಸುರಿ ಸೊಸೆ ಇರೋ ಮನೇಲಿ ಸಾವಿನ ಹಾಡಾ? ಇದಾ ಅವಳು ಕಲಿಸ್ತಿರೋದು?" ಎಂದರು ಅಜ್ಜಿ.

ಉತ್ತರ ಹೇಳಲು ಮಾಮಿ ಅಲ್ಲಿರಲಿಲ್ಲ. ವಿಧವೆಯನ್ನು ಅರಿಶಿನ ಕುಂಕುಮಕ್ಕೆ ಯಾರು ಕರೆಯುತ್ತಾರೆ?

ಯಾರೂ ಮಾಮಿಯೊಂದಿಗೆ ಜಗಳವಾಡಲಿಲ್ಲ. ನಮ್ಮವರು ಮರ್ಯಾದಸ್ಥರು ನೋಡಿ! ಶನಿವಾರ ಎಲ್ಲ ಮಕ್ಕಳಿಗೂ ಇದ್ದಕ್ಕಿದ್ದಂತೆ ಟ್ಯೂಷನ್ ಬಂತು, ಅಷ್ಟೆ. ಮೆಟ್ಟಿಲ ಬಳಿ ಸಿಕ್ಕಿದ ಮಾಮಿ "ಮಗು ಬರಲ್ವಾ?" ಎಂದು ಕೇಳಿದಾಗ ನನ್ನಮ್ಮನೂ ಅದನ್ನೇ ಹೇಳಿದಳು. ಯಾವ ಟ್ಯೂಷನ್ನೂ ಇರಲಿಲ್ಲ. ಅದು ಮಾಮಿಗೂ ಗೊತ್ತಿತ್ತು.

ಆಮೇಲೂ ಕೆಲವು ಶನಿವಾರ ಮಹಡಿಯಿಂದ ಅವರ ದನಿ ಕೇಳುತ್ತಿತ್ತು. ಒಂದು ಸಾಲು ಹೇಳುವರು. ನಾವು ಎರಡು ಸಲ ಹೇಳುವಷ್ಟು ಹೊತ್ತು ಸುಮ್ಮನಿರುವರು. ಮತ್ತೆ ಮುಂದಿನ ಸಾಲು... ಅಮ್ಮ ಟೀವಿಯ ಸದ್ದು ಜೋರು ಮಾಡುತ್ತಿದ್ದಳು. ಎಷ್ಟೋ ವಿಷಯಕ್ಕೆ ಅಮ್ಮನನ್ನು ಕ್ಷಮಿಸಿದ್ದೇನೆ, ಆ ಸದ್ದಿಗೆ ಮಾತ್ರ ಇನ್ನೂ ಆಗಿಲ್ಲ.

ನಾನು ಕಾಲೇಜು ಸೇರಿದ ವರ್ಷ ಮಾಮಿ ಹೋದರು. ವಠಾರದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು.

ಮೊನ್ನೆ ಎದುರುಮನೆಯಲ್ಲಿ ಗೊಂಬೆಗಳ ಮುಂದೆ ನಿಂತದ್ದು ಅಜ್ಜಿಯ ಮೊಮ್ಮಗಳು, ಅಂದು ಹೊಟ್ಟೆಯಲ್ಲಿದ್ದ ಅದೇ ಮಗು. ಫೋನ್ ನೋಡಿಕೊಂಡು ಇಂಗ್ಲಿಷಿನಲ್ಲಿ ಒಂದು ಪದ್ಯ ಓದಿದಳು. ಅದರಲ್ಲೂ ಒಬ್ಬ ಸೈನಿಕ ಸಾಯುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟಿದರು. "ಆನ್‌ಲೈನ್ ಕ್ಲಾಸು. ಪ್ರಪಂಚದ ಕವಿತೆ ಎಲ್ಲಾ ಕಲಿಸ್ತಾರೆ" ಎಂದು ಅಜ್ಜಿ ಬೀಗಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಏನಾದ್ರೂ ಹೇಳಮ್ಮ" ಎಂದರು. ಅವರಿಗೆ ಏನೂ ನೆನಪಿರಲಿಲ್ಲ.

ಹೇಳಿದೆ. "ಬಟ್ಟಲು ತೊಳೆದಿಟ್ಟಿದ್ದೇನೆ, ಮಗನೇ. ಬಟ್ಟಲು ತೊಳೆದಿಟ್ಟಿದ್ದೇನೆ, ಮಗನೇ." ಮುಂದಿನ ಸಾಲಿಗೆ ಕಾದೆ.

"ಯಾಕಕ್ಕಾ ನಿಲ್ಲಿಸಿಬಿಟ್ಟೆ?" ಎಂದಳು ಹುಡುಗಿ.

ಹೇಳಿಕೊಡುವವರು ಇರಲಿಲ್ಲ. ಅಜ್ಜಿ ನನ್ನ ಕೈಗೆ ಸುಂಡಲ್ ಪೊಟ್ಟಣ ಇಟ್ಟರು.