ಶರ್ಟಿನ ರಟ್ಟಿನ ಬಸ್ಸುಗಳು

ಇವತ್ತು ಬೆಳಿಗ್ಗೆ ತಮ್ಮನ ಹೊಸ ಶರ್ಟಿನ ಗುಂಡುಸೂಜಿಗಳನ್ನು ತೆಗೆಯುತ್ತಿದ್ದೆ. ನಾಳೆ ಭಾನುವಾರ, ಇಗರ್ಜಿಗೆ ಹಾಕಿಕೊಂಡು ಹೋಗಬೇಕು, ಇಸ್ತ್ರಿ ಮಾಡಿಡು ಎಂದು ನನ್ನ ಮುಂದೆ ಎಸೆದು ಹೋಗಿದ್ದ. ಹೊಸ ಶರ್ಟಿನಲ್ಲಿ ಎಷ್ಟು ಸೂಜಿಗಳಿರುತ್ತವೆಂದು ನಿಮಗೂ ಗೊತ್ತು. ಮುಗಿಯಿತು ಅಂದುಕೊಂಡಾಗಲೇ ಕಾಲರಿನಲ್ಲಿ ಅಡಗಿದ್ದ ಇನ್ನೊಂದು ಚುಚ್ಚುತ್ತದೆ. ಕೊನೆಗೂ ಒಳಗಿನ ರಟ್ಟು ಹೊರಬಂತು. ಗಂಜಿ ಹಾಕಿದ ಬಟ್ಟೆ, ಹೊಸ ಕಾಗದ ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ ಸುಮ್ಮನೆ ಕುಳಿತುಬಿಟ್ಟೆ.

ನನ್ನ ಪಿಎಚ್.ಡಿ. ಥೀಸಿಸ್ ಸೋಮವಾರ ಬೈಂಡಿಂಗಿಗೆ ಹೋಗಬೇಕು. ಅದನ್ನು ಗೆಳತಿ ಜುಲೇಖಾಗೆ ಇನ್ನೂ ತೋರಿಸಿಲ್ಲ. ಪುರುಸೊತ್ತಿಲ್ಲ ಎಂದು ಹೇಳಿಕೊಂಡು ಎರಡು ವಾರದಿಂದ ತಪ್ಪಿಸಿಕೊಳ್ಳುತ್ತಿದ್ದೇನೆ. ನಿಜವಾದ ಕಾರಣ ಭಯ. ಆ ಭಯಕ್ಕೂ ಶರ್ಟಿನ ರಟ್ಟಿಗೂ ಏನು ಸಂಬಂಧ ಎಂದು ಕೇಳುತ್ತೀರಾ? ಅದನ್ನೇ ಹೇಳಲು ಹೊರಟಿದ್ದೇನೆ.

ನಾವಿಬ್ಬರೂ ಒಂದೇ ವರ್ಷ ಸಂಶೋಧನೆಗೆ ಸೇರಿದವರು. ವಿಷಯ ಲಾಜಿಕ್ ಪ್ರೋಗ್ರಾಮಿಂಗ್. ಇದರಲ್ಲಿ ಕಂಪ್ಯೂಟರಿಗೆ ಮೊದಲು ಇದು ಮಾಡು, ಆಮೇಲೆ ಅದು ಮಾಡು ಎಂದು ಹೇಳಿಕೊಡುವುದಿಲ್ಲ. ಗೊತ್ತಿರುವ ಸಂಗತಿಗಳನ್ನೂ ನಿಯಮಗಳನ್ನೂ ಬರೆದುಕೊಟ್ಟು ಪ್ರಶ್ನೆ ಕೇಳುತ್ತೇವೆ. ಉತ್ತರವನ್ನು ಅದೇ ಹುಡುಕಿಕೊಳ್ಳಬೇಕು. ಇದನ್ನೆಲ್ಲ ಅಮ್ಮನಿಗೆ ಬಹಳ ಉತ್ಸಾಹದಿಂದ ವಿವರಿಸಿದ್ದೆ. ಅವಳು ಕೊಂಕಣಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ನಿನಗೇನು ಕೆಲಸ?

ಪ್ರತಿ ಶನಿವಾರ ಮಧ್ಯಾಹ್ನ, ಮಂಗಳೂರಿನ ಕಂಕನಾಡಿಯಲ್ಲಿ ಜುಲೇಖಾಳ ಅಣ್ಣನ ಬಟ್ಟೆ ಅಂಗಡಿಯ ಅಟ್ಟದಲ್ಲಿ ಕೂತು, ಆ ವಾರ ಮಾಡಿದ್ದನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದೆವು. ಲ್ಯಾಪ್‌ಟಾಪ್ ತೆರೆಯುವಂತಿರಲಿಲ್ಲ. ಪ್ರೋಗ್ರಾಮಿನ ಒಂದೊಂದು ವಾಕ್ಯವನ್ನೂ ಒಂದೊಂದು ಶರ್ಟಿನ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ನೆಲದ ಮೇಲೆ ಜೋಡಿಸಬೇಕು. ಕೇಳುವವಳೇ ಯಂತ್ರ. ಅವಳು ಮೇಲಿನಿಂದ ಕೆಳಗೆ ಓದುತ್ತ ಹೋಗಬೇಕು, ಸ್ವಂತ ಬುದ್ಧಿ ಉಪಯೋಗಿಸಬಾರದು. ಇದರಲ್ಲಿ ನನಗೆ ಹುಟ್ಟಿನಿಂದಲೇ ಪ್ರತಿಭೆ ಉಂಟೆಂದು ಜುಲೇಖಾ ಹೇಳುತ್ತಿದ್ದಳು. ಕೇಳುವವಳಿಗೆ ಒಂದು ಹಕ್ಕೂ ಇತ್ತು: ತನ್ನದೊಂದು ರಟ್ಟನ್ನು ಬೇಕಾದಲ್ಲಿ ಸೇರಿಸಬಹುದು. ಅದರಲ್ಲಿ ಬರೆದದ್ದು ಮಾತ್ರ ಸತ್ಯವಾಗಿರಬೇಕು.

ರಟ್ಟು ಕಳೆದುಕೊಂಡ ಶರ್ಟುಗಳು ಕಪಾಟಿನಲ್ಲಿ ಕುತ್ತಿಗೆ ಬಗ್ಗಿಸಿ ಕೂರುತ್ತಿದ್ದವು. "ಯಾರೋ ಹಾಕಿ ಕೊಟ್ಟ ಶರ್ಟಾ ಅಂತ ಗಿರಾಕಿಗಳು ಕೇಳ್ತಾರೆ. ನಿಮ್ಮ ಡಾಕ್ಟರೇಟ್ ಆಗುವಾಗ ನನ್ನ ಅಂಗಡಿ ಮುಚ್ತದೆ" ಎಂದು ಅಣ್ಣ ಕೆಳಗಿನಿಂದ ಕೂಗುತ್ತಿದ್ದರು. ಹಾಗೆ ಬೈಯುತ್ತಲೇ ಬನ್ಸು, ಚಹಾ ತಂದಿಟ್ಟು ಹೋಗುತ್ತಿದ್ದರು.

ಮೊದಲ ವರ್ಷದ ಕೊನೆಗೆ ಕೊಡಿಯಾಲ್‌ಬೈಲಿನ ಕಾಲೇಜೊಂದರಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಸಭೆ ಇತ್ತು. ನಮ್ಮಂಥ ಹೊಸಬರು ಆರಂಭದ ಕೆಲಸವನ್ನು ಹಿರಿಯರ ಮುಂದೆ ಹೇಳಿಕೊಳ್ಳಬೇಕು. ಪ್ರೋಗ್ರಾಮು ಉತ್ತರ ಕೊಟ್ಟು ನಿಲ್ಲುತ್ತದೋ, ಅಲ್ಲ ನಿಲ್ಲದೆ ಸುತ್ತುತ್ತಲೇ ಇರುತ್ತದೋ ಎಂದು ಓಡಿಸುವ ಮೊದಲೇ ಹೇಳುವ ಪರೀಕ್ಷಕವೊಂದನ್ನು ನಾನು ಮಾಡಿದ್ದೆ. ನಿಯಮಗಳನ್ನು ನೋಡಿದರೆ ಸಾಕು, ಸಂಗತಿಗಳು ಏನೇ ಇರಲಿ ಎಂಬುದು ನನ್ನ ವಾದ. ಅದು ಒಮ್ಮೆಯೂ ತಪ್ಪಿರಲಿಲ್ಲ. ಗುರುವಾರ ಸಭೆ, ಯಾವ ಸೀರೆ ಉಡುವುದೆಂದು ಹಿಂದಿನ ಶನಿವಾರವೇ ನಿರ್ಧಾರವಾಗಿತ್ತು.

ಅದೇ ಶನಿವಾರ ರಟ್ಟುಗಳನ್ನು ಹರಡಿದೆ. ಪಂಪ್‌ವೆಲ್‌ನಿಂದ ಕಂಕನಾಡಿಗೆ ಬಸ್ ಉಂಟು. ಕಂಕನಾಡಿಯಿಂದ ಬಲ್ಮಠಕ್ಕೆ ಉಂಟು. ಬಲ್ಮಠದಿಂದ ಕೊಡಿಯಾಲ್‌ಬೈಲಿಗೆ ಉಂಟು. ಪಂಪ್‌ವೆಲ್‌ನಿಂದ ಕೊಡಿಯಾಲ್‌ಬೈಲಿಗೆ ಹೋಗಬಹುದೇ ಎಂಬುದು ಪ್ರಶ್ನೆ. ನಿಯಮಗಳು ಎರಡೇ: ನೇರ ಬಸ್ಸಿದ್ದರೆ ಹೌದು ಎನ್ನು, ಇಲ್ಲದಿದ್ದರೆ ಮೊದಲು ಕಂಡ ಬಸ್ಸು ಹತ್ತಿ, ಇಳಿದಲ್ಲಿ ಮತ್ತೆ ಕೇಳು. ಇದು ಖಂಡಿತ ನಿಲ್ಲುತ್ತದೆ ಎಂದು ನನ್ನ ಪರೀಕ್ಷಕ ಹೇಳಿತ್ತು.

ಜುಲೇಖಾ ಬನ್ಸು ಕಚ್ಚುತ್ತ ನೋಡಿದಳು. "ಎಂತ ಮಾರಾಯ್ತಿ, ನಿನ್ನ ಬಸ್ಸುಗಳು ಹೋಗುವುದು ಮಾತ್ರವಾ? ವಾಪಸ್ ಬರುವುದಿಲ್ವಾ?"

ಹೊಸ ರಟ್ಟು ತೆಗೆದು, ಕಂಕನಾಡಿಯಿಂದ ಪಂಪ್‌ವೆಲ್‌ಗೆ ಬಸ್ ಉಂಟು ಎಂದು ಬರೆದು ಎಲ್ಲದರ ಮೇಲಿಟ್ಟಳು. ಅದು ಸುಳ್ಳು ಎನ್ನುವಂತಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಕಂಡಕ್ಟರ್ "ಪಂಪ್‌ವೆಲ್, ಪಂಪ್‌ವೆಲ್" ಎಂದು ಕೂಗುತ್ತಿದ್ದ. ನಂತರ ಅವಳು ಯಂತ್ರವಾದಳು. ಪಂಪ್‌ವೆಲ್‌ನಿಂದ ಕಂಕನಾಡಿಗೆ ಬಂದಳು. ಅಲ್ಲಿ ಮೊದಲು ಸಿಕ್ಕ ಬಸ್ಸು ಹತ್ತಿ ಪಂಪ್‌ವೆಲ್‌ಗೆ ಹೋದಳು. ಮತ್ತೆ ಕಂಕನಾಡಿ, ಮತ್ತೆ ಪಂಪ್‌ವೆಲ್. ಮುಖದಲ್ಲಿ ನಗುವಿಲ್ಲ, ಬೆರಳು ಮಾತ್ರ ಅತ್ತಿಂದಿತ್ತ ಓಡುತ್ತಿತ್ತು. ಬಲ್ಮಠಕ್ಕೆ ಹೋಗುವ ಬಸ್ಸಿನ ರಟ್ಟು ಕೆಳಗೆ ಹಾಗೇ ಕಾಯುತ್ತ ಬಿದ್ದಿತ್ತು.

"ಸಾಕು, ನಿಲ್ಲಿಸು!" ಎಂದು ಕಿರುಚಿದೆ.

"ಯಂತ್ರ ನಿಲ್ಲುವುದಿಲ್ಲ" ಎಂದಳು.

ನನಗೆ ಅಳು ಬಂತು. ಮಂಗಳೂರಿನಲ್ಲೇ ಹುಟ್ಟಿ ಬೆಳೆದು, ದಿನಾ ಹೋದ ಬಸ್ಸಿನಲ್ಲೇ ವಾಪಸ್ ಬರುವವಳು ನಾನು. ನನ್ನ ಉದಾಹರಣೆಗಳಲ್ಲಿ ಒಂದೇ ಒಂದು ಬಸ್ಸು ಕೂಡ ತಿರುಗಿ ಬಂದಿರಲಿಲ್ಲ. ಪರೀಕ್ಷಕ ತಪ್ಪಿರಲಿಲ್ಲ ಎಂದು ಬೀಗಿದ್ದೆನಲ್ಲ, ನಾನು ಅದಕ್ಕೆ ತಪ್ಪುವ ಅವಕಾಶವನ್ನೇ ಕೊಟ್ಟಿರಲಿಲ್ಲ.

ಜುಲೇಖಾ ಮೆತ್ತಗಾದಳು. "ಈ ರಟ್ಟು ನನ್ನದು, ನಾನು ತೆಗೀತೇನೆ. ಗುರುವಾರ ನೀನು ನಿನ್ನದನ್ನು ಹೇಳು. ಅಲ್ಲಿ ಯಾರೂ ಕೇಳುವುದಿಲ್ಲ."

ಅವಳು ಕೈಚಾಚಿದಾಗ ನಾನೇ ಆ ರಟ್ಟನ್ನು ಕಸಿದುಕೊಂಡೆ. ಅದನ್ನು ಎಲ್ಲಿಟ್ಟರೆ ಪ್ರೋಗ್ರಾಮು ನಿಲ್ಲುತ್ತದೆ, ಎಲ್ಲಿಟ್ಟರೆ ಸುತ್ತುತ್ತದೆ? ಕೊನೆಗೆ ಇಟ್ಟು ನೋಡಿದೆವು, ನಿಂತಿತು. ನಡುವೆ ಬಲ್ಮಠದ ರಟ್ಟಿಗಿಂತ ಮೇಲೆ ಇಟ್ಟೆವು, ಸುತ್ತಿತು. ನಿಯಮ ಮಾತ್ರ ನೋಡಿದರೆ ಸಾಲದು. ಹೋದಲ್ಲಿಗೇ ತಿರುಗಿ ಬರುವ ದಾರಿಗಳನ್ನೂ ನೋಡಬೇಕು! ಅಳು ಎಲ್ಲಿ ಹೋಯಿತೋ ಗೊತ್ತಿಲ್ಲ. ಇಬ್ಬರೂ ಮಂಡಿಯೂರಿ ಕೂತು ಕಿರುಚಾಡಿದ್ದಕ್ಕೆ ಅಣ್ಣ ಏನಾಯಿತೆಂದು ಗಾಬರಿಯಿಂದ ಮೆಟ್ಟಿಲು ಹತ್ತಿ ಬಂದರು. ಚಹಾ ಆರಿ ತಣ್ಣಗಾಗಿತ್ತು.

ಗುರುವಾರ ಸ್ಲೈಡುಗಳ ಬದಲು ರಟ್ಟುಗಳನ್ನೇ ಒಯ್ದೆ. ಅಧ್ಯಕ್ಷರಾಗಿದ್ದ ಹಿರಿಯ ಪ್ರಾಧ್ಯಾಪಕರನ್ನು ಯಂತ್ರವಾಗಲು ಕೇಳಿಕೊಂಡೆ. ಅವರು ನಾಲ್ಕು ಸಲ ಪಂಪ್‌ವೆಲ್‌ಗೆ ಹೋಗಿಬಂದು, "ನಾನು ಮನೆಗೆ ಹೋಗುವುದು ಯಾವಾಗ?" ಎಂದಾಗ ಸಭೆಯೇ ನಕ್ಕಿತು. ನಗು ಇಳಿದ ಮೇಲೆ ಕೇಳಿದರು, "ನಿಮ್ಮ ಪರೀಕ್ಷಕ ಇದಕ್ಕೆ ಎಂತ ಹೇಳಿತು?"

"ನಿಲ್ಲುತ್ತದೆ ಅಂತ ಹೇಳಿತು ಸರ್. ಅದು ತಪ್ಪು."

"ಒಳ್ಳೇದಾಯ್ತು. ಇನ್ನು ನಿಮಗೆ ಕೆಲಸ ಉಂಟು" ಎಂದರು.

ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಸಂಜೆ ಮನೆಗೆ ಓಡಿಹೋಗಿ ಹೇಳಿದೆ.

ಆ ಕೆಲಸವೇ ಈಗ ನನ್ನ ಥೀಸಿಸ್. ಅದರ ಮೂರನೆಯ ಅಧ್ಯಾಯದಲ್ಲಿ 'ಇಂಥ ಎಲ್ಲ ಪ್ರೋಗ್ರಾಮುಗಳೂ ನಿಲ್ಲುತ್ತವೆ' ಎಂಬ ವಾಕ್ಯವಿದೆ. ನನಗೆ ಭಯವಿರುವುದು ಆ 'ಎಲ್ಲ'ದ ಮೇಲೆಯೇ. ರಟ್ಟನ್ನು ಮಡಿಲಲ್ಲಿಟ್ಟುಕೊಂಡು ಫೋನ್ ಮಾಡಿದೆ.

"ಬದುಕಿದ್ದೀಯಾ ಮಾರಾಯ್ತಿ?" ಎಂದಳು ಜುಲೇಖಾ.

"ಮಧ್ಯಾಹ್ನ ಬರ್ಲಾ? ಮೂರನೇ ಅಧ್ಯಾಯ ತರ್ತೇನೆ."

"ಸೋಮವಾರ ಬೈಂಡಿಂಗ್ ಅಲ್ವಾ? ಈಗ ತಪ್ಪು ಸಿಕ್ಕಿದ್ರೆ?"

"ಸಿಗ್ಲಿ."

ಅತ್ತಲಿಂದ ಹಳೆಯ ಜುಲೇಖಾಳ ದನಿ: "ಬಾ. ಆದ್ರೆ ಅಣ್ಣ ಈಗ ಒಂದೂ ರಟ್ಟು ಮುಟ್ಟಲಿಕ್ಕೆ ಬಿಡುವುದಿಲ್ಲ."

ಮನೆಯಲ್ಲಿದ್ದ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ನನ್ನ ನಿಯಮಗಳನ್ನು ಬರೆದುಕೊಂಡೆ. ಇಸ್ತ್ರಿಯಾಗದ ಶರ್ಟು ಮಂಚದ ಮೇಲೆ ಹಾಗೇ ಬಿದ್ದಿದೆ. ತಮ್ಮ ನಾಳೆ ಹಳೆಯದರಲ್ಲೇ ಹೋಗಲಿ. ಹೊಸ ಶರ್ಟಿನ ರಟ್ಟನ್ನು ಮಾತ್ರ, ಏನೂ ಬರೆಯದೆ, ಎಲ್ಲದರ ಮೇಲಿಟ್ಟು ಚೀಲಕ್ಕೆ ಹಾಕಿದೆ. ಅದರ ಮೇಲೆ ಬರೆಯುವವಳು ಜುಲೇಖಾ.