ಮೂರನೇ ಖೋಲಿಯ ಮುಳ್ಳು ಮತ್ತು ಪುಷ್ಪಲತಾ ಮೇಡಂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸುತ್ತಮುತ್ತ ಶೀತಲಗೃಹವಿರಲಿ, ಬೀಜದ ಗೋದಾಮಿರಲಿ, ಹಾಲಿನ ಡೇರಿಯಿರಲಿ, ಉಷ್ಣತೆ ಅಳೆಯುವ ಸೆನ್ಸರ್ ಕೊಳ್ಳುವ ಮುನ್ನ ಒಂದು ಮಾತು ಕೇಳಬೇಕೆಂದು ಎಲ್ಲರೂ ನೆನೆಯುವ ಹೆಸರು ಶ್ರೀಮತಿ ಪುಷ್ಪಲತಾ ಅವರದು. ರಾಣೆಬೆನ್ನೂರಿನ ಪಾಲಿಟೆಕ್ನಿಕ್ ಒಂದರಲ್ಲಿ ಮಾಪನ ಶಾಸ್ತ್ರವನ್ನು ಕಲಿಸುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡು ಈ ವರ್ಷ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸುವುದು ಅವರ ಶಿಷ್ಯರಾದ ನಮಗೆಲ್ಲ ಹೆಮ್ಮೆಯ ಸಂಗತಿ.

ಐರಣಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಮೇಡಂ, ಹೊಳೆಯ ನೀರಿಗೆ ಕಾಲಿಟ್ಟೇ ಅದು ಎಷ್ಟು ತಣ್ಣಗಿದೆ ಎಂದು ಹೇಳುವ ಜನರ ನಡುವೆ ಬೆಳೆದವರು. ಸೇವೆಗೆ ಸೇರಿದ ಹೊಸತರಲ್ಲಿ ಪ್ರಯೋಗಾಲಯದಲ್ಲಿ ಇದ್ದ ಸಲಕರಣೆಯೇ ಅಷ್ಟಕ್ಕಷ್ಟೆ. ಪರೀಕ್ಷೆಯ ದಿನ ತಂತಿ ತಿರುವುಮುರುವು ಜೋಡಿಸಿ ಸೆನ್ಸರ್ ಸುಟ್ಟು, ಅಳುತ್ತ ನಿಂತ ಹುಡುಗಿಗೆ, "ಸುಟ್ಟಿದ್ದು ಸೆನ್ಸರ್ ಐತಿ, ನೀ ಅಲ್ಲ. ಕುಂದ್ರು, ಮತ್ತ ಮಾಡು" ಎಂದು ತಮ್ಮ ಚೀಲದಿಂದ ಬೇರೊಂದನ್ನು ತೆಗೆದುಕೊಟ್ಟವರು ಅವರು. ಆ ಹುಡುಗಿಯ ಹಾಗೆ ಅವರ ಚೀಲ ಖಾಲಿ ಮಾಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದೇವೆ.

ಅವರ ಪಾಠದ ಸರಳತೆಯೂ ಹಾಗೆಯೇ. ಅನಲಾಗ್ ಸೆನ್ಸರ್ ದೂರದಿಂದ ಕೂಗಿ ಹೇಳುವವನಂತೆ. ಕ್ಷಣಕ್ಷಣದ ಏರಿಳಿತವನ್ನೂ ಹೇಳುತ್ತದೆ, ಆದರೆ ತಂತಿ ಉದ್ದವಾದರೆ, ಪಕ್ಕದಲ್ಲಿ ಮೋಟರು ಓಡಿದರೆ ಮಾತು ಕೆಡುತ್ತದೆ. ಡಿಜಿಟಲ್ ಸೆನ್ಸರ್ ಅಳೆದದ್ದನ್ನು ಅಲ್ಲೇ ಅಂಕಿಯಾಗಿಸಿ ಚೀಟಿ ಕಳಿಸುವವನಂತೆ. ದಾರಿಯ ಗದ್ದಲಕ್ಕೆ ಚೀಟಿ ಸುಲಭಕ್ಕೆ ಕೆಡುವುದಿಲ್ಲ. ಹಾಗಾದರೆ ಯಾವುದು ಒಳ್ಳೆಯದು ಎಂದರೆ ಮೇಡಂ ರೇಗುತ್ತಿದ್ದರು: "ಅದು ಕೆಟ್ಟಾಗ ನಿನಗ ಹೆಂಗ ಗೊತ್ತಾಗತೈತಿ? ಮೊದಲ ಅದನ್ನ ಕೇಳು." ಈ ಪ್ರಶ್ನೆ ಅವರಿಗೆ ಪುಸ್ತಕದಿಂದ ಬಂದದ್ದಲ್ಲ, ಬ್ಯಾಡಗಿಯ ಒಂದು ಮಧ್ಯಾಹ್ನ ಬಂದದ್ದು.

ಮೆಣಸಿನಕಾಯಿ ಕೆಂಪು ಉಳಿಯಬೇಕಾದರೆ ತಂಪು ಬೇಕು. ವ್ಯಾಪಾರಿ ಸಿದ್ದಲಿಂಗೇಶ ತಮ್ಮ ಶೀತಲಗೃಹದಲ್ಲಿ ಹಳೆಯ ಅನಲಾಗ್ ಸೆನ್ಸರುಗಳ ಪಕ್ಕಕ್ಕೆ ಹೊಸ ಡಿಜಿಟಲ್ ಹಾಕಿಸಿ, ಯಾವುದನ್ನು ಉಳಿಸಬೇಕೆಂದು ಹೇಳಲು ಮೇಡಂ ಅವರನ್ನು ಕರೆಸಿದ್ದರು. ಸೆನ್ಸರುಗಳು ಒಳಗಿದ್ದರೂ ಅವುಗಳ ಅಳತೆ ತೋರಿಸುವ ಫಲಕ, ಮಾಪಕ ಎರಡೂ ಮೂರನೇ ಖೋಲಿಯ ಹೊರಗೋಡೆಯ ಮೇಲಿದ್ದವು. ಡಿಜಿಟಲ್ ಫಲಕ ನಾಲ್ಕು ಡಿಗ್ರಿ ತೋರಿಸುತ್ತ ನಿಶ್ಚಲವಾಗಿತ್ತು. ಅನಲಾಗ್ ಮಾಪಕದ ಮುಳ್ಳು ಮಾತ್ರ ನಿಧಾನಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಮಲಗಿದವರ ಎದೆ ಹಾಗೆ ಏರಿಳಿಯುತ್ತದೆ.

"ಈ ಹಳೇದನ್ನ ಕಿತ್ತು ಒಗೀರಿ ಮೇಡಮ್ಮಾರ, ಸುಮ್ನ ಕುಣೀತೈತಿ. ಹೊಸಾದು ನೋಡ್ರಿ, ಹೆಂಗ ಗಟ್ಟಿ ನಿಂತೈತಿ!" ಎಂದರು ಸಿದ್ದಲಿಂಗೇಶ.

ಬಾಗಿಲು ಕಾಯುವ ನಾಸೀರ ಮುಳ್ಳಿನ ಕಡೆ ನೋಡದೆ, "ಇದು ಉಸಿರಾಡೋ ಖೋಲಿರಿ. ನಮ್ಮ ಹಮಾಲರು ಒಬ್ಬೊಬ್ಬರ ಒಳಗ ಹೋಗಂಗಿಲ್ಲ" ಎಂದ.

ಮೋಟರಿನ ಗದ್ದಲವಿರಬೇಕೆಂದು ಮೇಡಂ ಯಂತ್ರ ನಿಲ್ಲಿಸಲು ಹೇಳಿದರು. ಯಂತ್ರ ನಿಂತಿತು. ಇಡೀ ಕಟ್ಟಡ ಸದ್ದಡಗಿತು. ಮುಳ್ಳು ಮಾತ್ರ ಏರಿಳಿಯುತ್ತಲೇ ಇತ್ತು. ಆಗ ಅವರು ಡಿಜಿಟಲ್ ಫಲಕಕ್ಕೆ ಬಂದ ತಂತಿಯನ್ನೇ ಕಿತ್ತರು. ತಂತಿ ಅವರ ಕೈಯಲ್ಲಿತ್ತು. ಫಲಕದ ಮೇಲೆ ಅದೇ ನಾಲ್ಕು ಡಿಗ್ರಿ ಹೊಳೆಯುತ್ತಿತ್ತು. ಅದು ಎಂದೋ ಬಂದ ಕೊನೆಯ ಚೀಟಿಯನ್ನೇ ಓದುತ್ತ ನಿಂತಿತ್ತು. ಹಾಗಾದರೆ ಮುಳ್ಳು ಸುಮ್ಮನೆ ಕುಣಿಯುತ್ತಿರಲಿಲ್ಲ, ಒಳಗೆ ಯಾರದೋ ಮೈಬಿಸಿ ಸೆನ್ಸರಿಗೆ ತಾಗುತ್ತಿರಬೇಕು. ಮೇಡಂ ಅವರಿಗೆ ನಿಜವಾಗಿಯೂ ಭಯವಾಯಿತು.

"ಒಳಗ ಯಾರದಾರ?"

"ಯಾರೂ ಇಲ್ರಿ. ಮುಚ್ಚೋ ಮುಂದ ಕೂಗೇನಿ, ಯಾರೂ ಬಡೀಲಿಲ್ಲ" ಎಂದ ನಾಸೀರ.

ಮೆಣಸಿನಕಾಯಿಯ ಘಾಟಿಗೆ ಬಾಯಿ ತೆರೆದರೆ ಕೆಮ್ಮು ಹತ್ತುವುದರಿಂದ ಆ ಖೋಲಿಗಳಲ್ಲಿ ಯಾರೂ ಮಾತಾಡುವುದಿಲ್ಲ. ಬಾಗಿಲಲ್ಲಿ ಕೂಗಿದರೆ, ಒಳಗಿದ್ದವರು ಹತ್ತಿರದ ಕಂಬವನ್ನು ಬಡಿದು ಇದ್ದೇನೆಂದು ತಿಳಿಸುವುದು ಅಲ್ಲಿಯ ರೂಢಿ. ಬಡಿತ ಕೇಳದಿದ್ದರೆ ಖೋಲಿ ಖಾಲಿ ಎಂದೇ ಅರ್ಥ. ಮುಖ, ಕಿವಿ ಎಲ್ಲ ಸೇರಿಸಿ ಬಟ್ಟೆ ಸುತ್ತಿಕೊಂಡವರಿಗೆ ಕೂಗು ಕೇಳಿಸದೆ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ತೆಗೀರಿ ಬಾಗಲಾ!"

"ಬಿಸಿಗಾಳಿ ಹೊಕ್ಕರ ಮಾಲಿನ ಬಣ್ಣ ಹೋಗತೈತ್ರಿ" ಎಂದು ಸಿದ್ದಲಿಂಗೇಶ ಅಡ್ಡ ಬಂದರು.

"ಹೋಗ್ಲಿ. ಲಗೂ ತೆಗೀರಿ!" ಮೇಡಂ ಅಷ್ಟು ಗಟ್ಟಿಯಾಗಿ ಕಿರುಚಿದ್ದನ್ನು ಹಿಂದೆ ಯಾರೂ ಕೇಳಿರಲಿಲ್ಲವಂತೆ.

ಬಾಗಿಲ ಬುಡದಲ್ಲೇ ಹಸೀನಾಬಿ ಕುಸಿದು ಕುಳಿತಿದ್ದಳು. ಹರಿದ ಚೀಲ ಹೊಲಿಯಲು ಒಳಗೆ ಹೋದವಳು. ಒಳಗಿನ ಹಿಡಿಕೆ ಮುರಿದಿತ್ತು. ದಪ್ಪ ಬಾಗಿಲು ಅವಳ ಬಡಿತವನ್ನು ಹೊರಗೆ ಬಿಟ್ಟಿರಲಿಲ್ಲ. ತುಟಿ ನೀಲಿಗಟ್ಟಿತ್ತು, ಆದರೆ ಜೀವವಿತ್ತು. ಅವಳನ್ನು ಹೊರತಂದ ಮೇಲೆ ನಾಸೀರ ಸಂದು ಸಂದು ಹುಡುಕಿದ, ಮತ್ತಾರೂ ಇರಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಮೇಡಂ ಅವಳ ಕೈ ಹಿಡಿದು, "ಶಾಣ್ಯಾಕಿ ಇದ್ದಿ ನೋಡವ್ವಾ. ಸೆನ್ಸರ್ ಕೈಯಾಗ ಹಿಡಕೊಂಡು ನಮಗ ಸುದ್ದಿ ಮುಟ್ಟಿಸಿದಿ" ಎಂದರು.

ಹಸೀನಾಬಿಗೆ ಆ ಮಾತು ಅರ್ಥವಾಗಲಿಲ್ಲ. ಸೆನ್ಸರ್ ಇದ್ದದ್ದು ಖೋಲಿಯ ಆ ತುದಿಯ ಗೋಡೆಗೆ, ಅವಳ ಕೈಗೆಟುಕದಷ್ಟು ಎತ್ತರದಲ್ಲಿ.

"ನಾ ಏನೂ ಮುಟ್ಟಿಲ್ರಿ ಅಕ್ಕಾರ. ಬಾಗಲಾ ಬಿಟ್ಟು ಅಳ್ಳಾಡಿಲ್ಲ. ಹಿಂದ ಆ ಗ್ವಾಡಿ ಕಡೆ ಯಾರೋ ಕೆಮ್ಮಾಕತ್ತಿದ್ರು. ನಾ ಒಬ್ಬಾಕೀನ ಇಲ್ಲಲಾ ಅಂತ ಧೈರ್ಯ ಬಂತು. ಅವರನ್ನೂ ಹೊರಗ ಕರಕೊಂಡ್ರಿ ಹೌದಲ್ರಿ?"

ಒಂದು ಗೆರೆ ಹೆಚ್ಚುಕಡಿಮೆಯಾದರೂ ತಡೆಯದ ನಮ್ಮ ಮೇಡಂ ಅವಳ ಕಣ್ಣು ನೋಡಿ, "ಹೂಂನವ್ವಾ, ಕರಕೊಂಡೇವಿ" ಎಂದರು. ಅಲ್ಲಿಂದ ನೆಟ್ಟಗೆ ಶೀತಲಗೃಹಕ್ಕೆ ಹೋಗಿ ಒಂದೊಂದೇ ಚೀಲ ಹೊರಗೆ ಹಾಕಿಸಿದರು. ಗೋಡೆಯವರೆಗೂ ಮೆಣಸಿನಕಾಯಿಯ ಹೊರತು ಏನೂ ಇರಲಿಲ್ಲ. ಹಾಗಾದರೆ ಮುಳ್ಳು ಏರಿಳಿದದ್ದೇಕೆಂದು ಕೇಳಿದ ನಮಗೆ ಅವರು "ನನಗ ಗೊತ್ತಿಲ್ಲ" ಎಂದು ಸ್ಪಷ್ಟವಾಗಿ ಹೇಳಿದರು.

ಇಂದು ಅಲ್ಲಿ ಕೆಟ್ಟರೆ ಕೂಗಿ ಹೇಳುವ ಡಿಜಿಟಲ್ ಸೆನ್ಸರುಗಳಿವೆ, ಒಳಗಿನಿಂದ ತೆರೆಯುವ ಬಾಗಿಲುಗಳಿವೆ, ಒಳಹೋದವರ ತಲೆ ಎಣಿಸಿಯೇ ಬೀಗ ಹಾಕುತ್ತಾರೆ. ಎಲ್ಲವೂ ಮೇಡಂ ಹಟ ಹಿಡಿದು ಮಾಡಿಸಿದ್ದು. ಮೂರನೇ ಖೋಲಿಯ ಅನಲಾಗ್ ಸೆನ್ಸರನ್ನು ಮಾತ್ರ ಕೀಳಲು ಬಿಟ್ಟಿಲ್ಲ. ಆಗಾಗ ಹೋಗಿ ಅದರ ಮುಳ್ಳಿನ ಮುಂದೆ ಕುರ್ಚಿ ಹಾಕಿಕೊಂಡು ಒಬ್ಬರೇ ಕುಳಿತು ಬರುತ್ತಾರೆ. ನಿವೃತ್ತಿಯ ನಂತರವೂ ಹೋಗುವರಂತೆ. ಅವರಿಗೆ ಭಗವಂತ ಆಯುರಾರೋಗ್ಯಗಳನ್ನು ಧಾರಾಳವಾಗಿ ಕೊಡಲಿ, ಈ ಕಾಯಕ ಬಹುಕಾಲ ಅವರ ಕೈಯಲ್ಲೇ ಮುಂದುವರಿಯಲಿ. ಶಿಷ್ಯರಾದ ನಮ್ಮಲ್ಲಿ ಯಾರೊಬ್ಬರಿಗೂ ಆ ಕುರ್ಚಿಯ ಮೇಲೆ ಕೂರುವ ಧೈರ್ಯ ಇನ್ನೂ ಬಂದಿಲ್ಲ.